ಒಂದು ಪದ ಬದಲಾದಾಗ ಸಂಸ್ಕಾರಕ್ಕೆ ಏನಾಗುತ್ತದೆ?

ಅಮೆರಿಕದ ಫೀನಿಕ್ಸ್ ಧರ್ಮಪ್ರಾಂತ್ಯದಲ್ಲಿ ಧರ್ಮಗುರುವೊಬ್ಬರು ವರ್ಷಗಟ್ಟಲೆ ದೀಕ್ಷಾಸ್ನಾನದ ವೇಳೆ 'ನಾನು' ಎನ್ನಬೇಕಾದಲ್ಲಿ 'ನಾವು' ಎಂದಿದ್ದರು. ಇಂತಹ ದೀಕ್ಷಾಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2020ರ ಆಗಸ್ಟ್‌ನಲ್ಲಿ ತಿಳಿಸಿತ್ತು. 2022ರ ಜನವರಿಯಲ್ಲಿ ಧರ್ಮಪ್ರಾಂತ್ಯ ವಿಷಯ ಪ್ರಕಟಿಸಿದಾಗ ಸಾವಿರಾರು ಕುಟುಂಬಗಳು ಕಳವಳಗೊಂಡವು. ಏಕೆಂದರೆ ದೀಕ್ಷಾಸ್ನಾನವಿಲ್ಲದೆ ದೃಢೀಕರಣವೂ ಇಲ್ಲ, ವಿವಾಹವನ್ನೂ ಪರಿಶೀಲಿಸಬೇಕಾಗುತ್ತದೆ.

ಇದು ಬರೀ ಕಾನೂನಿನ ಬಿಗಿಯೇ? ಅಲ್ಲ. ದೀಕ್ಷಾಸ್ನಾನ ನೀಡುವವರು ಸ್ವತಃ ಕ್ರಿಸ್ತರು. ಗುರು ಅವರ ಹೆಸರಿನಲ್ಲಿ ನಿಂತವರು. 2024ರ ಫೆಬ್ರವರಿಯಲ್ಲಿ ಪ್ರಕಟವಾದ 'ಜೆಸ್ತಿಸ್ ವೆರ್ಬಿಸ್ಕ್ವೆ' ಟಿಪ್ಪಣಿಯ ಸಾರವೂ ಇದೇ: ಸಂಸ್ಕಾರದ ಮೂಲ ಮಾತನ್ನು ಬದಲಿಸುವ ಹಕ್ಕು ಯಾವ ಗುರುವಿಗೂ ಇಲ್ಲ. ಆದರೂ ದೇವರ ಕೃಪೆ ಸಂಸ್ಕಾರಗಳಿಗಷ್ಟೇ ಕಟ್ಟುಬಿದ್ದಿಲ್ಲ ಎಂಬುದೂ ಧರ್ಮಸಭೆಯ ಬೋಧನೆಯೇ.

ನಮ್ಮಲ್ಲೂ ದೀಕ್ಷಾಸ್ನಾನದ ದಿನ ಫೋಟೊ, ಊಟದ ಗಡಿಬಿಡಿಯೇ ಹೆಚ್ಚು. ಹೆತ್ತವರೇ, ಆ ಒಂದು ಕ್ಷಣ ನೀರನ್ನು ನೋಡಿ, ಮಾತನ್ನು ಆಲಿಸಿ.