ಉತ್ತರವೂ ಹೊಸ ಮಾತೂ

ವಿಚಾರಗೋಷ್ಠಿಯ ಸಂವಾದದಲ್ಲಿ ಕೇಳಿದ ಪ್ರಶ್ನೆಯನ್ನು ಬದಿಗಿರಿಸಿ ತಮಗೆ ಪ್ರಿಯವಾದ ವಿಷಯವನ್ನೇ ವಿಸ್ತರಿಸುವವರು ಒಮ್ಮೆ ‘ಶೂನ್ಯಸಂಪಾದನೆ’ಯನ್ನು ಓದಬೇಕು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದ ಕೃತಿಯದು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈ ಮರೆಸಿದ್ದೇಕೆಂದು ಅಲ್ಲಮನು ಕೇಳುತ್ತಾನೆ. ಎಂತಹ ಇರಿಯುವ ಪ್ರಶ್ನೆ! ಅಕ್ಕಮಹಾದೇವಿ ಬೇರೆ ಕಥೆ ತೆಗೆಯುವುದಿಲ್ಲ. ನೋಡುವವರಿಗೆ ನೋವಾಗದಿರಲೆಂದು ಮರೆಸಿದೆನೆಂದು ಅದಕ್ಕೇ ಉತ್ತರಿಸುತ್ತಾಳೆ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಹೊಸ ಮಾತು ಎತ್ತುವಾಗಲೂ ಅಲ್ಲಮನು ಸಿದ್ಧರಾಮನ ಕೆರೆಯ ಕೆಲಸದಿಂದಲೇ ತೊಡಗುತ್ತಾನೆ. (ಆ ನುಡಿಯ ಒರಟನ್ನು ಅನುಕರಿಸಬೇಕಾಗಿಲ್ಲ.)

ಹೊಸ ವಿಷಯವುಳ್ಳವರು ಮೊದಲ ಪ್ರಶ್ನೆ ತೀರುವವರೆಗೆ ಕಾದು, ‘ಇದು ಬೇರೆ ಮಾತು’ ಎಂದು ಹೇಳಿಯೇ ಎತ್ತಲಿ. ಇಲ್ಲವಾದರೆ ಧೈರ್ಯಮಾಡಿ ಎದ್ದುನಿಂತ ಪ್ರಥಮ ವರ್ಷದ ವಿದ್ಯಾರ್ಥಿನಿ ಉತ್ತರವಿಲ್ಲದೆ ಕುಳಿತುಕೊಳ್ಳುತ್ತಾಳೆ; ಮುಂದಿನ ಗೋಷ್ಠಿಯಲ್ಲಿ ಕೈಯೆತ್ತುವುದಿಲ್ಲ.