ಗುರುತಿನ ಚೀಟಿಯೂ ಧರ್ಮವೂ

ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ನೆಯ ಸಪ್ಟೆಂಬರ 22ರಂದು ಮನೆಮನೆಯ ಸಮೀಕ್ಷೆಯನ್ನು ಆರಂಭಿಸಿದಾಗ, ಅದರ 60 ಪ್ರಶ್ನೆಗಳ ಪೈಕಿ ಜಾತಿ ಧರ್ಮಗಳ ಕಾಲಮುಗಳೇ ನಾಡಿನಲ್ಲಿ ಹೆಚ್ಚು ಚರ್ಚೆಗೆ ಗುರಿಯಾದವು. "ಹಿಂದೂ" ಎಂದು ಬರೆಯಿಸಬೇಕೆ, "ವೀರಶೈವ-ಲಿಂಗಾಯತ" ಎಂದೆ, ಅಥವಾ ಬರಿಯ "ಲಿಂಗಾಯತ" ಎಂದೆ ಎಂಬ ವಿಷಯದಲ್ಲಿ ಮಠಾಧೀಶರೂ ಸಭೆಗಳೂ ಭಿನ್ನಭಿನ್ನ ಸಲಹೆಗಳನ್ನು ಕೊಟ್ಟರು. ಒಂದು ಕಡೆ ಕೊಟ್ಟೂರೇಶ್ವರನ ಕ್ಷೇತ್ರ, ಇನ್ನೊಂದು ಕಡೆ ಉಜ್ಜಿನಿಯ ಪೀಠ ಇರುವ ನಮ್ಮ ತಂಬ್ರಹಳ್ಳಿಯ ಸೀಮೆಗೆ ಇದು ದೂರದ ವಾದವಲ್ಲ.

ಎಣಿಕೆಯ ಪುಸ್ತಕದಲ್ಲಿ ಧರ್ಮವನ್ನು ಬರೆಯಿಸುವುದಾದರೆ, ಪ್ರಜೆಯ ಗುರುತಿನ ಚೀಟಿಯಲ್ಲಿಯೂ ಅದನ್ನು ಏಕೆ ನಮೂದಿಸಬಾರದು ಎಂದು ಕೇಳುವವರುಂಟು. ಇದಕ್ಕೆ ಉತ್ತರ ಹೇಳುವ ಮುನ್ನ ಎಣಿಕೆ, ಪ್ರಮಾಣಪತ್ರ, ಗುರುತಿನ ಚೀಟಿ ಎಂಬ ಮೂರನ್ನು ಬೇರೆಬೇರೆಯಾಗಿ ನೋಡಬೇಕು.

ಎಣಿಕೆಯು ಸಮುದಾಯದ ಸ್ಥಿತಿಯನ್ನು ಅರಿಯುವ ಸಾಧನ. ವ್ಯಕ್ತಿಯನ್ನು ತೋರಿಸುವುದು ಅದರ ಕೆಲಸವಲ್ಲ. ಆದುದರಿಂದಲೇ 1948ರ ಜನಗಣತಿ ಕಾಯಿದೆಯು ಗಣತಿಯ ದಾಖಲೆಗಳನ್ನು ತೆರೆದು ನೋಡುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ಪ್ರಮಾಣಪತ್ರವು ಒಂದು ನಿರ್ದಿಷ್ಟ ಹಕ್ಕಿಗಾಗಿ ಪ್ರಜೆಯು ತಾನೇ ಬೇಡಿ ಪಡೆಯುವ ಕಾಗದ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ, ಮುಂದಿನ ತಿದ್ದುಪಡಿಗಳ ಸಹಿತ, ಹಿಂದೂ, ಸಿಖ್, ಬೌದ್ಧ ಧರ್ಮಗಳವರಿಗೆ ಮಾತ್ರವೇ ಪರಿಶಿಷ್ಟ ಜಾತಿಯ ಮಾನ್ಯತೆಯುಂಟು. ಈ ಕಟ್ಟಳೆಯು ಇರುವವರೆಗೆ ತಹಶೀಲದಾರರು ಧರ್ಮವನ್ನು ಕೇಳದೆ ಇರಲಾರರು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೂ ಇದೇ ಮಾತು ಸಲ್ಲುತ್ತದೆ. ಗುರುತಿನ ಚೀಟಿಯಾದರೋ ಇಂಥದಲ್ಲ. ಅದನ್ನು ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವಸತಿಗೃಹದ ಬಾಗಿಲಲ್ಲಿ, ಪೋಲೀಸ ಠಾಣೆಯಲ್ಲಿ ಹತ್ತು ಮಂದಿ ಕೈಯಲ್ಲಿ ಹಿಡಿದು ನೋಡುತ್ತಾರೆ. ಅಲ್ಲಿ ತಿಳಿಯಬೇಕಾದುದು "ಈತನು ಯಾರು?" ಎಂಬುದೊಂದೇ, "ಈತನು ಯಾವ ದೇವರನ್ನು ಪೂಜಿಸುತ್ತಾನೆ?" ಎಂಬುದಲ್ಲ.

ಈ ವಿವೇಕವು ನಮ್ಮ ಕಾನೂನಿನಲ್ಲಿ ಆಗಲೇ ಉಂಟು. 2016ರ ಆಧಾರ್ ಕಾಯಿದೆಯು ಸಂಗ್ರಹಿಸಬಹುದಾದ ವಿವರಗಳನ್ನು ಹೇಳುವಾಗ ಜನಾಂಗ, ಧರ್ಮ, ಜಾತಿ, ಭಾಷೆಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಮತದಾರರ ಚೀಟಿಯಲ್ಲಿಯಾಗಲಿ ರಹದಾರಿಯಲ್ಲಿಯಾಗಲಿ ಧರ್ಮದ ಉಲ್ಲೇಖವಿಲ್ಲ.

"ಹೆಸರೇ ಧರ್ಮವನ್ನು ಸಾರುವಾಗ ಕಾಲಮನ್ನು ಬಿಡುವುದರಿಂದ ಪ್ರಯೋಜನವೇನು?" ಎಂಬ ಆಕ್ಷೇಪವು ಬರುವುದು ಸಹಜ. ಹೆಸರು ಹುಟ್ಟಿಸುವುದು ಊಹೆಯನ್ನು. ಸರಕಾರದ ಮೊಹರು ಮಾಡುವುದು ತೀರ್ಮಾನವನ್ನು. ಊಹೆಯನ್ನು ಅಲ್ಲಗಳೆಯಬಹುದು, ಮೊಹರನ್ನು ಅಲ್ಲಗಳೆಯಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಈಜಿಪ್ತದಲ್ಲಿ ಚೀಟಿಯ ಮೇಲೆ ಮೂರೇ ಧರ್ಮಗಳಿಗೆ ಎಡೆಯಿದ್ದುದರಿಂದ ಬಹಾಯಿ ಪಂಥದವರು ಸುಳ್ಳು ಬರೆಯಿಸಬೇಕಾಗಿತ್ತು, ಇಲ್ಲವೆ ಚೀಟಿಯಿಲ್ಲದೆ ಇರಬೇಕಾಗಿತ್ತು. ನ್ಯಾಯಾಲಯದ ತೀರ್ಪಿನ ಮೇಲೆ 2009ರಲ್ಲಿ ಅವರಿಗೆ ದೊರೆತುದು ಆ ಕಾಲಮಿನಲ್ಲಿ ಒಂದು ಅಡ್ಡಗೆರೆ ಮಾತ್ರ. ರುವಾಂಡದ ಕಥೆಯು ಇನ್ನೂ ಘೋರವಾದುದು. ಬೆಲ್ಜಿಯಮಿನವರ ಆಳಿಕೆಯಲ್ಲಿ ಚೀಟಿಯ ಮೇಲೆ ಬರೆದ ಹುಟು, ಟುಟ್ಸಿ ಎಂಬ ಕುಲದ ಹೆಸರನ್ನು ನೋಡಿ, 1994ರಲ್ಲಿ ದಾರಿಯ ತಡೆಗಟ್ಟೆಗಳಲ್ಲಿ ಜನರನ್ನು ಕಡಿದರು. ಅಲ್ಲಿ ಬರೆದುದು ಕುಲ, ಧರ್ಮವಲ್ಲ, ನಿಜ. ಆದರೆ ಗಲಭೆಯ ದಿನ ಒಂದು ಕಾಲಮು ಏನಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗ್ರೀಸ ದೇಶದ ಸರಕಾರವು 2000ದಲ್ಲಿ ಚೀಟಿಯಿಂದ ಧರ್ಮವನ್ನು ತೆಗೆದಾಗ ಅಲ್ಲಿಯ ಧರ್ಮಗುರುಗಳು ಬಲವಾಗಿ ಪ್ರತಿಭಟಿಸಿದರು. ಆ ಮೇಲೆಯೂ ಅಲ್ಲಿ ಗುಡಿಯ ಗಂಟೆ ನಿಂತಿಲ್ಲ.

ನಮ್ಮ ಹಳ್ಳಿಗಳ ಬಾಳುವೆಯಾದರೂ ಒಂದು ಕಾಲಮಿನಲ್ಲಿ ಅಡಗುವಂಥದೆ? ಬಳ್ಳಾರಿ, ಕೊಪ್ಪಳ, ರಾಯಚೂರ ಸೀಮೆಗಳಲ್ಲಿ ಮೊಹರಮ್ಮಿನ ಪಂಜಾಗಳಿಗೆ ಸಕ್ಕರೆ ಓದಿಸುವ ಹಿಂದೂ ಮನೆಗಳು ಎಷ್ಟೋ ಇವೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳು ಆ ಹಬ್ಬವನ್ನು ನಡೆಸುತ್ತವೆ. ಇದು ನಮ್ಮ ಹಿರಿಯರು ಯಾವ ಸರಕಾರದ ಅಪ್ಪಣೆಯನ್ನೂ ಕಾಯದೆ ಕಟ್ಟಿದ ರಾಷ್ಟ್ರೀಯತೆ. ಭಕ್ತಿಗೆ ಗುಮಾಸ್ತರ ಸಹಿ ಬೇಕಿಲ್ಲ.

ಆದರೆ ಚೀಟಿಯ ಮುಖದ ಮೇಲೆ ಧರ್ಮವಿಲ್ಲವೆಂದು ನಿಶ್ಚಿಂತರಾಗಿರುವ ಕಾಲವಿದಲ್ಲ. ಚೀಟಿಯ ಅಂಕೆಯೂ ಧರ್ಮದ ವಿವರವೂ ಒಂದೇ ಯಂತ್ರದ ಕಡತದಲ್ಲಿ ಕೂಡಿದರೆ, ಬರೆಯದೆಯೇ ಬರೆದಂತಾಯಿತು. ಕಳೆದ ಸಮೀಕ್ಷೆಯಲ್ಲಿ ಆಧಾರ್ ಮತ್ತು ಪಡಿತರ ಚೀಟಿಗಳನ್ನು ಸಿದ್ಧವಾಗಿರಿಸಿಕೊಳ್ಳುವಂತೆ ಜನರಿಗೆ ತಿಳಿಸಲಾಗಿತ್ತು. ಕರ್ನಾಟಕದ ಉಚ್ಚ ನ್ಯಾಯಾಲಯವು 2025ನೆಯ ಸಪ್ಟೆಂಬರ 25ರಂದು ಸಮೀಕ್ಷೆಯನ್ನು ತಡೆಯಲು ಒಪ್ಪದಿದ್ದರೂ, ಉತ್ತರ ಕೊಡುವುದು ಪ್ರಜೆಯ ಇಚ್ಛೆಗೆ ಸೇರಿದ್ದೆಂದೂ ವಿವರಗಳನ್ನು ಆಯೋಗದ ಹೊರಗೆ ಯಾರಿಗೂ ಬಿಟ್ಟುಕೊಡಕೂಡದೆಂದೂ ವಿಧಿಸಿದ್ದು ಉಚಿತವೇ ಆಯಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿದ ಮೊಕದ್ದಮೆಯನ್ನು ಹೂಡಿದವರು ಇದೇ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

2027ರ ಜನಗಣತಿಯಲ್ಲಿ ಧರ್ಮದೊಡನೆ ಜಾತಿಯನ್ನೂ ಬರೆದುಕೊಳ್ಳುವುದೆಂದು ಕೇಂದ್ರ ಸರಕಾರವು ನಿರ್ಣಯಿಸಿದೆ. ಎಣಿಕೆ ನಡೆಯಲಿ, ಹಿಂದುಳಿದವರ ನಿಜಸ್ಥಿತಿ ಬೆಳಕಿಗೆ ಬರಲಿ. ಪರಂತು ಎಣಿಕೆಯ ಪುಸ್ತಕಕ್ಕೂ ಗುರುತಿನ ಚೀಟಿಗೂ ನಡುವಿರುವ ಗೋಡೆಯಲ್ಲಿ ಒಂದು ಕಿಂಡಿಯೂ ಬೀಳಕೂಡದು. ಇದನ್ನು ಕಾಯುವ ಭಾರವು ದಿಲ್ಲಿ ಬೆಂಗಳೂರುಗಳ ಮೇಲಷ್ಟೇ ಇಲ್ಲ. ಬೇಡದ ಕಡೆ ಧರ್ಮವನ್ನು ಕೇಳದಿರುವುದು ತಾಲೂಕು ಕಚೇರಿಯ ಅಧಿಕಾರಿಯ ಕರ್ತವ್ಯ; ಕೇಳಿದರೆ "ಯಾವ ಕಾನೂನಿನ ಮೇರೆಗೆ?" ಎಂದು ಮರುಪ್ರಶ್ನೆ ಹಾಕುವುದು ಪ್ರಜೆಯ ಹಕ್ಕು.