ಹೆಸರಿಲ್ಲದ ಮುಖಗಳು

ಮಧುಗಿರಿ ಸೀಮೆಯ ಕೊಡಿಗೇನಹಳ್ಳಿಯಂತಹ ಊರುಗಳ ನಡುಮನೆಯಲ್ಲಿ ತೂಗುವ ಹಳೆಯ ಭಾವಚಿತ್ರಗಳನ್ನು ನೋಡಬೇಕು: ಕೋಟು, ಪೇಟ, ಕುರ್ಚಿಯ ಮೇಲೊಂದು ಕೈ, ಉಸಿರು ಬಿಗಿಹಿಡಿದ ಮುಖ! ಆ ಬಿಗುವನ್ನು ಸಡಿಲಿಸಿದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಪ್ರಮುಖರು.

ನೆಹರೂ, ಆರ್. ಕೆ. ನಾರಾಯಣ್ ಮೊದಲಾದ ಹೆಸರಾಂತರು ಅವರ ಕ್ಯಾಮರಾಕ್ಕೆ ದೊರೆತರು. ‘ಲೈಫ್’ ಪತ್ರಿಕೆಯವರೆಗೂ ಅವರ ಚಿತ್ರಗಳು ಹೋದವು. ೧೯೭೭ರಲ್ಲಿ ಪದ್ಮಶ್ರೀ ಬಂದಿತು. ಆದರೆ ದೊಡ್ಡವರ ಚಿತ್ರವನ್ನು ಅವರ ದೊಡ್ಡತನವೇ ಅರ್ಧ ತೆಗೆದುಕೊಡುತ್ತದೆ. ಸತ್ಯನ್ನರ ನಿಜವಾದ ಕೈಗುಣ ಕಾಣುವುದು ಹೆಸರಿಲ್ಲದವರ ಮುಖಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿಡುಬಿನ ನಿರ್ಮೂಲನ ಕಾರ್ಯವನ್ನು ಚಿತ್ರಿಸಿದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಭವನದಲ್ಲಿ ಪ್ರದರ್ಶಿತವಾದವು.

ಆ ಮಕ್ಕಳಲ್ಲಿ ಎಷ್ಟು ಮಂದಿ ತಮ್ಮ ಚಿತ್ರವನ್ನು ತಾವೇ ಕಂಡರೋ!